ಎರಡು ನಕ್ಷತ್ರದ ಗುರುತು

ಕುಂದಾಪುರದ ಡಿಟಿಪಿ ಅಂಗಡಿಯೊಂದರಲ್ಲಿ ನಾನು ಹದಿನೆಂಟು ವರ್ಷ ಮೌಸ್ ಮುಟ್ಟದೆ ಕೆಲಸ ಮಾಡಿದೆ. ಜಂಬ ಎಂದರೆ ಜಂಬವೇ. ಯಜಮಾನರು ಮೌಸಿನ ಚಕ್ರ ತಿರುಗಿಸುತ್ತ, "ಎಲ್ಲಿತ್ತಪ್ಪ ಇದ್, ಎಲ್ಲಿತ್ತ್" ಎಂದು ಫೈಲಿನೊಳಗೆ ತೆವಳುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಂಟ್ರೋಲ್ ಎಂಡ್ ಒತ್ತಿದರೆ ಫೈಲಿನ ತುದಿ, ಕಂಟ್ರೋಲ್ ಹೋಮ್ ಒತ್ತಿದರೆ ಬುಡ, ಶಿಫ್ಟ್ ಹಿಡಿದು ಎಫ್ ಐದು ಒತ್ತಿದರೆ ಈಗಷ್ಟೇ ತಿದ್ದಿ ಬಂದ ಜಾಗ. ಇಷ್ಟು ಕಲಿಯಲು ಯಾವ ಕಾಲೇಜು ಬೇಕು?

ನಮ್ಮಲ್ಲಿ ಹೆಚ್ಚು ಬರುವುದು ವೈಕುಂಠ ಸಮಾರಾಧನೆಯ ಕಾರ್ಡು. ಸತ್ತವರು ಬೇರೆ ಬೇರೆ, ಒಕ್ಕಣೆ ಒಂದೇ. ಹಾಗಾಗಿ ನಾನೊಂದು ಮೂಲ ಫೈಲು ಮಾಡಿ, ಹೆಸರು, ತಾರೀಕು, ಊರು ಬರುವ ಕಡೆಯಲ್ಲೆಲ್ಲ ಎರಡೆರಡು ನಕ್ಷತ್ರದ ಗುರುತು ಹಾಕಿಟ್ಟಿದ್ದೆ. ನಕ್ಷತ್ರ ಹುಡುಕು ಎಂದರೆ ಕರ್ಸರ್ ಮೊದಲ ಗುರುತಿಗೆ ಹಾರುತ್ತದೆ. ಅಲ್ಲಿ ಹೆಸರು ಹೊಡೆದು ಮತ್ತೆ ಒತ್ತಿದರೆ ಮುಂದಿನ ಗುರುತು. ಮಧ್ಯದ ಒಂದಕ್ಷರವನ್ನೂ ನೋಡಬೇಕಿಲ್ಲ. ಗಿರಾಕಿಗೆ ತರಿಸಿದ ಚಹಾ ಆರುವ ಮೊದಲು ಕಾರ್ಡು ತಯಾರು.

ನೋಡಬೇಕಿಲ್ಲ ಎಂಬುದೇ ಆಮೇಲೆ ನನ್ನ ಹೊಟ್ಟೆಪಾಡಾಯಿತು. ಎರಡು ವರ್ಷದ ಹಿಂದೆ ಕಣ್ಣಿನ ಡಾಕ್ಟರು, ನೋಟ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿದೆ, ಇದಕ್ಕೆ ಮದ್ದಿಲ್ಲ ಎಂದರು. ಆಗಲೇ ನನಗೆ ಕಾಣುತ್ತಿದ್ದದ್ದು ಬಳೆಯೊಳಗಿಂದ ನೋಡಿದಷ್ಟು. ಯಜಮಾನರಿಗೆ ಹೇಳಲಿಲ್ಲ. ಸುಳ್ಳು ಯಾಕೆ, ಹೆದರಿಕೆ. ಬ್ರಹ್ಮಾವರದಿಂದ ಬರುವ ಬಸ್ಸಿನ ಬೋರ್ಡು ಓದಲಾಗದೆ, "ಕುಂದಾಪ್ರ ಹೋಪ್ದಾ?" ಎಂದು ಕೇಳಿ ಹತ್ತುತ್ತಿದ್ದೆ. ಅಂಗಡಿಯಲ್ಲಿ ಮಾತ್ರ ಯಾರನ್ನೂ ಕೇಳಬೇಕಿರಲಿಲ್ಲ. ಕೀಲಿಗಳು ಬೆರಳಿಗೆ ಗೊತ್ತಿದ್ದವು, ನಾನು ಹಾರುತ್ತಿದ್ದೆ.

ಒಂದು ದಿನ ಅವಸರದಲ್ಲಿ ಯಾರದೋ ಕಾರ್ಡನ್ನು ಮೂಲ ಫೈಲಿನ ಮೇಲೆಯೇ ಸೇವ್ ಮಾಡಿಬಿಟ್ಟೆ. ಗೊತ್ತಾದ ಕೂಡಲೇ ಹೆಸರು ಅಳಿಸಿ ಒಂದೊಂದೇ ಕಡೆ ನಕ್ಷತ್ರ ಹಾಕುತ್ತ ಬಂದೆ. ಕೊನೆಯ ಸಾಲಿನಲ್ಲಿದ್ದ ಹೆಸರು ಮಾತ್ರ ನನ್ನ ಬಳೆಯೊಳಗೆ ಬರಲಿಲ್ಲ, ಹಾಗೆಯೇ ಉಳಿಯಿತು. ಮರುವಾರ ಕುಂಭಾಶಿಯ ಮನೆಯೊಂದರ ಕಾರ್ಡು ಬಂತು, ತಾಯಿ ತೀರಿಕೊಂಡಿದ್ದರು. ನಾನು ಗುರುತಿನಿಂದ ಗುರುತಿಗೆ ಹಾರಿ ಮುಗಿಸಿದೆ. ಮನೆಯವರು ಮೊಬೈಲಿನಲ್ಲಿ ಪ್ರೂಫ್ ತೆರೆದು, ಮೇಲಿನ ಹೆಸರು, ತಾರೀಕು ನೋಡಿ ಆಯ್ತು ಎಂದರು. ದುಃಖದಲ್ಲಿದ್ದವರು ಕೊನೆಯ ಸಾಲು ಎಲ್ಲಿ ಓದುತ್ತಾರೆ? ಕಾರ್ಡುಗಳು ಬೈಂದೂರಿನ ನೆಂಟರ ಮನೆಗಳವರೆಗೂ ಹೋದವು.

ಮೂರನೆಯ ದಿನ ಆ ತಾಯಿಯ ಮಗಳು ಅಂಗಡಿಗೆ ಬಂದಳು. ಜಗಳಕ್ಕೆ ಬಂದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಅವಳು ಮೆತ್ತಗೆ ಕಾರ್ಡು ಮುಂದಿಟ್ಟಳು.

"ನಮ್ಮಮ್ಮ ಸತ್ತದ್ದಕ್ಕೆ ಕರ್ದ್, ಮತ್ಯಾರದೋ ಆತ್ಮಕ್ಕೆ ಶಾಂತಿ ಕೋರಿ ಅಂತ ಇತ್ತಲೆ ಅಕ್ಕ. ಊರೆಲ್ಲ ಫೋನ್ ಮಾಡ್ತಾ ಇದ್ರ್. ಒಂದ್ ಸಲ ಓದಿರೆ ಸಾಕಿತ್ತ್."

ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೊಡುವುದು ಬಾಕಿಯಿದ್ದ ಮನೆಗಳಿಗಾದರೂ ಸರಿಯಾದ ಕಾರ್ಡು ಹೋಗಲಿ, ಈಗಲೇ ತಿದ್ದಿ ಕೊಡುತ್ತೇನೆ ಎಂದೆ. ಹಟ ಬಂತು. ಈ ಸಲ ಹಾರುವುದಿಲ್ಲ, ಮೊದಲಿಂದ ಕೊನೆಯವರೆಗೆ ಓದಿಯೇ ತೀರುತ್ತೇನೆ. ಹನ್ನೊಂದು ಸಾಲು, ಅಷ್ಟೇ. ಮೂಗು ಪರದೆಗೆ ತಾಗುವಷ್ಟು ಬಗ್ಗಿದೆ. ಒಂದು ಪದ ಸಿಕ್ಕರೆ ಮುಂದಿನದ್ದು ಇಲ್ಲ, ಸಾಲಿನ ತುದಿ ಮುಟ್ಟಿದರೆ ಕೆಳಗಿನ ಸಾಲಿನ ಬುಡ ಇಲ್ಲ. ನಾಲ್ಕನೆಯ ಸಾಲಿಗೆ ಬರುವಾಗ ಬೆನ್ನು ಬೆವೆತಿತ್ತು. ಅವಳು ಪಕ್ಕದ ಕುರ್ಚಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದಳೆಂದು ಕಾಣುತ್ತದೆ.

"ಅಕ್ಕ, ನಿಮ್ಗೆ ಕಣ್ಣ್ ಕಾಂತಿಲ್ಯಾ?" ಎಂದಳು.

ಆಚೆ ಝೆರಾಕ್ಸ್ ತೆಗೆಯುತ್ತಿದ್ದ ಯಜಮಾನರ ಮೆಷಿನ್ನಿನ ಸದ್ದು ನಿಂತಿತು.

ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. "ನಾನ್ ಓದ್ತೆ. ನೀವ್ ಒತ್ತಿ."

ಓದಿದಳು. ಸಾಲು ಮುಗಿದಾಗೆಲ್ಲ ನಾನು ಕೆಳಗಿನ ಬಾಣದ ಕೀಲಿ ಒತ್ತಿದೆ. ತನ್ನ ತಾಯಿಯ ಹೆಸರು, ವಯಸ್ಸು, ತೀರಿಕೊಂಡ ತಾರೀಕು, ಎಲ್ಲವನ್ನೂ ಶಾಲೆಯಲ್ಲಿ ಪಾಠ ಓದಿದಂತೆ ಓದಿದಳು. ಕೊನೆಯ ಸಾಲಿನಲ್ಲಿ ಆ ಬೇರೆ ಹೆಸರು ಬಂದಾಗ "ಇದೇ ಕಾಣಿ" ಎಂದಳು. ಅಳಿಸಿ, ಅವಳ ತಾಯಿಯ ಹೆಸರು ಹೊಡೆದೆ. ಸರಿ ಬಂತೇ ಎಂದು ನನಗೆ ಹೇಗೆ ಗೊತ್ತಾಗಬೇಕು? ಮತ್ತೊಮ್ಮೆ ಓದಿ ಎಂದೆ. ಓದಿದಳು. ಚಿರಶಾಂತಿ ಎನ್ನುವಲ್ಲಿ ತಡೆದು, ಆ ಪದವನ್ನು ಮತ್ತೆ ಮೊದಲಿಂದ ಓದಿದಳು. ತಾಯಿ ಸತ್ತು ವಾರ ಆಗದ ಹೆಣ್ಣಿನ ಬಾಯಲ್ಲಿ ಆ ಸಾಲನ್ನು ಎರಡು ಸಲ ಓದಿಸಿದೆ. ಆ ಪಾಪ ನನಗೇ ಇರಲಿ.

ಅವಳು ಅಚ್ಚಾದ ಹೊಸ ಕಾರ್ಡು ತೆಗೆದುಕೊಂಡು ಹೋದ ಮೇಲೆ ಮೂಲ ಫೈಲು ತೆರೆದು ಕಂಟ್ರೋಲ್ ಎಂಡ್ ಒತ್ತಿದೆ. ಕೊನೆಯ ಸಾಲಿನಲ್ಲಿ ಉಳಿದಿದ್ದ ಆ ಹೆಸರು ಅಳಿಸಿ, ಬಿಟ್ಟುಹೋಗಿದ್ದ ಎರಡು ನಕ್ಷತ್ರ ಹಾಕಿ, ಸೇವ್ ಮಾಡಿ, ಕಂಪ್ಯೂಟರ್ ಆರಿಸಿದೆ.

"ನಾಳಿಂದ ನಾನ್ ಬತ್ತಿಲ್ಲೆ" ಎಂದೆ ಯಜಮಾನರಿಗೆ.

"ಜಾಗ್ರತೆ, ಮೆಟ್ಲ್ ಇತ್ತ್" ಎಂದರು.

ಹದಿನೆಂಟು ವರ್ಷ ಹತ್ತಿ ಇಳಿದ ಮೆಟ್ಟಿಲು. ಬರಬೇಡ ಎಂದೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಎಂತಕೆ ಎಂದಾದರೂ ಕೇಳಿಯಾರು ಎಂದು ನಾನು ಬಾಗಿಲಲ್ಲಿ ಚೀಲ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.