ಅಜ್ಜಿಯ ಎಡೆಗೆ ಒಂದು ಚೊಂಬು ರಾಗಿ ಹೆಂಡ

"ಲೇ, ಈ ಸಲ ನಮ್ಮವ್ವನ ಎಡೆಗೆ ಅಂಗ್ಡಿ ಬಾಟ್ಲು ಇಕ್ಕಾಕಿಲ್ಲ ಕಣ್ಲಾ. ರಾಗಿ ಹೆಂಡ ಮಾಡ್ತೀನಿ. ಬತ್ತೀಯೋ ಇಲ್ವೋ?"

ರಾಯಕೋಟೆ ಹತ್ತಿರದ ಹಳ್ಳಿಯಿಂದ ನಮ್ಮತ್ತೆಯ ಫೋನು. ಅತ್ತೆ ಅಂದ್ರೆ ಅಪ್ಪನ ತಂಗಿ. ಹಲೋ ಗಿಲೋ ಏನಿಲ್ಲ, ನೇರ ಆರ್ಡರ್.

ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಅವರವರ ಇಷ್ಟದ್ದನ್ನ ಎಡೆ ಇಡೋದು ನಮ್ಮಲ್ಲಿ ರೂಢಿ. ಮಾಂಸದ ಸಾರು, ವಡೆ, ಬೀಡಿ, ಬಾಟ್ಲು, ಎಲ್ಲ. ನಮ್ಮಜ್ಜಿಗೆ ಇಷ್ಟ ಇದ್ದದ್ದು ತಾನೇ ಮಾಡ್ತಿದ್ದ ರಾಗಿ ಹೆಂಡ. ಅವಳು ಹೋದ ಮೇಲೆ ಮಾಡೋರಿಲ್ಲ, ಹಾಗಾಗಿ ಅಂಗಡಿ ಬಿಯರ್. "ನಮ್ಮವ್ವ ಬಾಟ್ಲು ಮುಟ್ಟಿದೋಳೇ ಅಲ್ಲ. ವರ್ಸಾ ವರ್ಸಾ ಬಂದು ಬರೀ ಬಾಯಲ್ಲಿ ಹೋಗ್ತಾವ್ಳೆ" ಅನ್ನೋದು ಅತ್ತೆಯ ಸಂಕಟ. ತನಗೂ ವಯಸ್ಸಾಯ್ತು, ಒಂದ್ಸಲವಾದ್ರೂ ಸರಿಯಾದ್ದು ಇಡ್ಬೇಕು ಅನ್ನೋ ಹಟ.

ನಾನು ಬಿಡ್ತೀನಾ? ಎಲ್ಲೆಲ್ಲಿಯೋ ಜನ ಓಬೀರಾಯನ ಕಾಲದ ಬಿಯರನ್ನ ಮನೇಲೇ ಮತ್ತೆ ಮಾಡೋ ವಿಡಿಯೊ ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು. ಮತ್ತಿಗಿರಿಯಿಂದ ಬೈಕ್ ಹತ್ತಿದೆ. (ಕಾನೂನು ಒಪ್ಪಲ್ಲ, ಗೊತ್ತು ಸ್ವಾಮಿ. ಒಂದೇ ಚೊಂಬು, ಅದೂ ಸತ್ತವರಿಗೆ.)

ಅತ್ತೆ ಆಗಲೇ ಮೊಳಕೆ ಬಂದ ರಾಗಿ ಒಣಗಿಸಿ ಬೀಸಿಟ್ಟಿದ್ಲು. ಮುದ್ದೆ ಮಾಡಿ, ಆರಿಸಿ, ಕಿವುಚಿ, ಆ ಮೊಳಕೆ ಹಿಟ್ಟು, ನೀರು ಸೇರಿಸಿ, ಅಟ್ಟದಿಂದ ಇಳಿಸಿದ ಅಜ್ಜಿಯ ಮಡಕೆಗೇ ಸುರಿದ್ವಿ. ಬಾಯಿಗೆ ಬಟ್ಟೆ ಕಟ್ಟಿ ಕಾದ್ವಿ.

ಏನೂ ಇಲ್ಲ! ನೊರೆಯಿಲ್ಲ, ಸದ್ದಿಲ್ಲ. ಸಿಹಿ ಗಂಜಿಯಾಗೇ ಕೂತಿತ್ತು.

ಅತ್ತೆ ಮಡಕೆ ಒಳಗೆ ಬೆರಳಾಡಿಸಿ ಸೊಸೆ ಮಂಜುಳನ ಕಡೆ ತಿರುಗಿದ್ಲು. "ಇದನ್ನ ತೊಳೆದ್ಯಾ?"

"ಒಳ್ಗೆಲ್ಲಾ ಕರ್ರಗೆ ಹಿಡ್ಕೊಂಡಿತ್ತು ಅತ್ತೆ. ಎಡೆಗಲ್ವಾ, ಚೊಕ್ಕವಾಗಿರ್ಲಿ ಅಂತ ಸೋಪಾಕಿ ಉಜ್ಜಿ ಕುದಿಯೋ ನೀರು ಹುಯ್ದೆ."

ಆ ಕರಿಯೇ ಹೆಪ್ಪು! ಅಜ್ಜಿ ಆ ಮಡಕೆ ಒಳಗೆ ಯಾವತ್ತೂ ಉಜ್ಜಿದವಳಲ್ಲ. ಪ್ರತಿ ಸಲದ ಹೆಂಡಕ್ಕೂ ಹಿಂದಿನ ಸಲದ್ದೇ ಹುಳಿ. ಇಷ್ಟು ವರ್ಷ ಅಟ್ಟದಲ್ಲಿ ಬಿದ್ದಿದ್ದಕ್ಕೆ ಇನ್ನೂ ಜೀವ ಇತ್ತಾ? ಯಾರಿಗೆ ಗೊತ್ತು. ಮಾಡೋ ವಿಧಾನವನ್ನ ವಿಡಿಯೊದಲ್ಲಿ ಹಿಡಿದಿಡಬಹುದು. ಮಡಕೆಯ ಕರಿಯನ್ನ?

ಅತ್ತೆ ಬೈಯಲಿಲ್ಲ. ಜಗುಲಿ ಮೇಲೆ ಕೂತು ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಲು. "ನಮ್ಮವ್ವನ ಕೈ ಅದ್ರಲ್ಲಿತ್ತು ಕಣ್ಲಾ." ಭಕ್ತಿಯಿಂದ ಮಾಡಿದ ಕೆಲಸಕ್ಕೆ ಯಾರನ್ನ ದೂರೋದು?

ಮಂಜುಳ ದಿನಾ ಒಂಚೂರು ಅಂಬಲಿ ಉಳಿಸ್ಕೊಂಡು, ಅದರಿಂದಲೇ ಮರುದಿನದ್ದಕ್ಕೆ ಹುಳಿ ಬರಿಸ್ತಾಳೆ. ಪಾಪ, ಒಳಗೆ ಹೋದವಳು ಅದರಲ್ಲೇ ಒಂದು ಸೌಟು ತಂದು, ಯಾರನ್ನೂ ಕೇಳದೆ ಮಡಕೆಗೆ ಹುಯ್ದುಬಿಟ್ಲು. ಅಮಾವಾಸ್ಯೆ ಹೊತ್ತಿಗೆ ಮಡಕೆ ಗುಳುಗುಳು ಅಂತಿತ್ತು.

ಎಡೆ ಮುಗಿದ ಮೇಲೆ ಅತ್ತೆ ಒಂದು ಗುಟುಕು ಕುಡಿದ್ಲು. ಮಂಜುಳ ಬಾಗಿಲು ಹಿಡ್ಕೊಂಡು ನಿಂತಿದ್ಲು.

"ಇದು ನಮ್ಮವ್ವಂದಲ್ಲ." ಇನ್ನೊಂದು ಗುಟುಕು. "ಹುಳಿ ಜಾಸ್ತಿ." ಹಾಗನ್ನುತ್ತಲೇ ಚೊಂಬು ಖಾಲಿ ಮಾಡಿದ್ಲು. ಆಮೇಲೆ ಸೊಸೆಗೆ ಹೇಳಿದ್ಲು: "ಇನ್ಮ್ಯಾಲೆ ಈ ಮಡ್ಕೆ ಒಳ್ಗೆ ಉಜ್ಬ್ಯಾಡ. ನಾಳೆ ನನ್ ಎಡೆಗೂ ಇದ್ನೇ ಇಕ್ಕು."

ಅಂದ ಹಾಗೆ, ನಿಮ್ಮ ಎಡೆಗೆ ಏನಿಡಬೇಕು ಅಂತ ಮನೇಲಿ ಹೇಳಿದ್ದೀರಾ?