ಗಾರ್ಮೆಂಟ್ಸ್ ಅಂಗಳದಲ್ಲಿ ಬ್ಯೂಗಲ್

ನಾನು ಓದುವ ಕಾಲಕ್ಕೆ ನಮ್ಮ ಕಡೆ ಹೈಸ್ಕೂಲು ಅಂದರೆ ಅದಕ್ಕೊಂದು ಬ್ಯಾಂಡು ಇರಲೇಬೇಕಿತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಊರಿಗೆ ಹೋದರೂ ಆಗಸ್ಟ್ ಹತ್ತಿರ ಬಂತೆಂದರೆ ಸಂಜೆ ಡ್ರಮ್ಮಿನ ಸದ್ದು ಕೇಳುತ್ತಿತ್ತು. ಶಾಲೆಗಳದು ಸಾಲದೆಂಬಂತೆ ಮದುವೆ ಮೆರವಣಿಗೆಗೆ ಹೋಗುವ ಗಂಡಸರ ಬ್ಯಾಂಡ್‌ಸೆಟ್‌ಗಳೂ ಬೀದಿಬೀದಿಯಲ್ಲಿದ್ದವು.

ಚನ್ನಪಟ್ಟಣದ ನಮ್ಮ ಶಾಲೆಯಲ್ಲಿ ಬ್ಯೂಗಲ್, ಅಂದರೆ ಹಿತ್ತಾಳೆಯ ಕಹಳೆ, ಊದುತ್ತಿದ್ದವಳು ನಾನು. ಅದರಲ್ಲಿ ಬೆರಳಿಗೆ ಕೆಲಸವಿಲ್ಲ. ಒತ್ತಲು ಗುಂಡಿಯಿಲ್ಲ, ಮುಚ್ಚಲು ತೂತಿಲ್ಲ. ತುಟಿ ಬಿಗಿ ಮಾಡಿದರೆ ಮೇಲಿನ ಸ್ವರ, ಸಡಿಲ ಬಿಟ್ಟರೆ ಕೆಳಗಿನದು. ಹುಡುಗರು ಸಾಲಾಗಿ ನಿಂತು ಊದಿ ಬರೀ ಗಾಳಿ ಬಿಟ್ಟ ದಿನ, ನಾನು ಮೊದಲ ಸಲಕ್ಕೇ ಮೈದಾನದ ಆಚೆ ಕೊನೆಗೆ ಕೇಳುವಂತೆ ಊದಿದ್ದೆ. ಡ್ರಿಲ್ ಮೇಷ್ಟ್ರು ಅವತ್ತೇ ಅದನ್ನು ನನ್ನ ಕೈಗಿಟ್ಟರು.

ಮದುವೆಯಾಗಿ ನಾನು ರಾಮನಗರದ ಪಕ್ಕದ ಹಳ್ಳಿಗೆ ಬಂದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಬಿಡದಿಯಿಂದ ಈಚೆಗೆ ಒಂದರ ಹಿಂದೊಂದು ಫ್ಯಾಕ್ಟರಿ ಎದ್ದವು. ನಮ್ಮ ಹಿಪ್ಪುನೇರಳೆ ತೋಟದ ಬದುವಿಗೇ ಒಂದು ಕಾಂಪೌಂಡ್ ಗೋಡೆ ಬಂತು. ಬ್ಯಾಂಡ್‌ಸೆಟ್ಟಿನ ಗಂಡಸರು ಸಮವಸ್ತ್ರ ಬದಲಿಸಿ ಶಿಫ್ಟಿಗೆ ಹೋದರು. ಶಾಲೆಗಳಲ್ಲಿ ಡ್ರಿಲ್ ಮೇಷ್ಟ್ರುಗಳು ನಿವೃತ್ತರಾದರು. ಅವರ ಜಾಗಕ್ಕೆ ಬೇರೆಯವರು ಬರಲಿಲ್ಲ. ನಾನೂ ಗಾರ್ಮೆಂಟ್ಸ್ ಸೇರಿ ಷರ್ಟಿನ ಕಾಲರ್ ಹೊಲಿಯತೊಡಗಿದೆ.

ಒಂದು ವರ್ಷ ನಮ್ಮ ಫ್ಯಾಕ್ಟರಿಯಲ್ಲಿ ರಾಜ್ಯೋತ್ಸವ ಜೋರಾಗಿ ಮಾಡುವುದೆಂದಾಯಿತು. ಮೇಲಿನ ಆಫೀಸಿನ ಸಾಹೇಬರು ಬ್ಯಾಂಡ್‌ಸೆಟ್ ಹುಡುಕಿ ಬಾ ಎಂದು ವ್ಯಾನ್ ಡ್ರೈವರನ್ನು ಕಳಿಸಿದ್ದರು. ಅವನು ನಾಲ್ಕೂ ಊರು ಸುತ್ತಿ ಬರಿಗೈಲಿ ಬಂದಾಗ ಸಾಹೇಬರು ನಮ್ಮ ಹೊಲಿಗೆ ಫ್ಲೋರಿನಲ್ಲೇ ಇದ್ದರು.

"ಒಂದ್ ಸೆಟ್ಟೂ ಉಳ್ದಿಲ್ಲ ಸಾರ್. ಡ್ರಮ್ ಐತೆ, ಬಾರಿಸೋರು ಡ್ಯೂಟಿಗೆ ಓಗವ್ರೆ."

"ಹಾಗಾದ್ರೆ ಸ್ಪೀಕರ್‌ನಲ್ಲಿ ಏನಾದ್ರೂ ಹಾಕ್ಸಿ," ಎಂದರು ಸಾಹೇಬರು.

ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದವಳು ಮಾಗಡಿ ಕಡೆಯವಳು. ಸಾವನದುರ್ಗದ ತಪ್ಪಲಲ್ಲಿ ಕುರಿ ಸಾಕುವ ಮನೆಯ ಮಗಳು, ಗಟ್ಟಿ ಗಂಟಲಿನವಳು. ಅವಳು ಕೂತಲ್ಲಿಂದಲೇ ಕೂಗಿದಳು, "ಸ್ಪೀಕರ್ ಯಾಕ್ ಸಾರ್? ನಾನು ಸ್ಕೂಲಲ್ಲಿ ಸೈಡ್ ಡ್ರಮ್ ಬಾರಿಸ್ತಿದ್ದೆ. ಇವ್ಳು ಬ್ಯೂಗಲ್ ಊದ್ತಿದ್ಲು. ಈ ಫ್ಲೋರಲ್ಲಿ ಕೇಳಿ ನೋಡಿ, ಎಷ್ಟ್ ಜನ ಅವ್ರೆ ಅಂತ."

ಕೇಳಿದರು. ಒಂದೊಂದಾಗಿ ಕೈಗಳು ಮೇಲೆದ್ದವು. ಕನಕಪುರದ ವ್ಯಾನಿನಲ್ಲಿ ಬರುವವರು, ದೊಡ್ಡಮಳೂರಿನವರು, ಇಸ್ತ್ರಿಯವರು, ಗುಂಡಿ ಹಾಕುವವರು. ದಿನಾ ಪಕ್ಕಪಕ್ಕ ಊಟ ಮಾಡುತ್ತಿದ್ದ ನಮಗೇ ಅದು ಗೊತ್ತಿರಲಿಲ್ಲ. ಸಾಹೇಬರು ಎತ್ತಿದ ಕೈಗಳನ್ನು ಎಣಿಸಿ, "ಆಗಲಿ. ಆದ್ರೆ ಪ್ರಾಕ್ಟೀಸು ಊಟದ ಹೊತ್ತಲ್ಲಿ ಮಾಡ್ಕೊಳ್ಳಿ. ಟಾರ್ಗೆಟ್ ಕಮ್ಮಿ ಆಗಬಾರದು," ಎಂದರು.

ಭಾನುವಾರ ನಾನು, ಮಾಗಡಿಯವಳು ಇಬ್ಬರೂ ಚನ್ನಪಟ್ಟಣಕ್ಕೆ ಹೋದೆವು. ನಿವೃತ್ತರಾಗಿದ್ದ ಡ್ರಿಲ್ ಮೇಷ್ಟ್ರು ನನ್ನನ್ನು ಕೂಡಲೇ ಗುರುತು ಹಿಡಿದರು. ಹೆಡ್‌ಮಾಸ್ತರರನ್ನು ಕೇಳಿ, ವಾದ್ಯಗಳನ್ನು ಎರವಲು ಕೊಡಿಸಲು ಸಾಮಾನು ಕೋಣೆ ತೆಗೆಸಿದರು. ಡ್ರಮ್ಮುಗಳು ಬೀರುವಿನ ಮೇಲೆ ಧೂಳು ಹಿಡಿದು ಕೂತಿದ್ದವು, ಬ್ಯೂಗಲ್ ಹಸಿರುಗಟ್ಟಿತ್ತು. ನಲ್ಲಿ ಹತ್ತಿರ ಕೂತು ಹುಣಸೆಹಣ್ಣು ಹಾಕಿ ತಿಕ್ಕಿದೆ. ಹೊಳಪು ಬಂತು. ತುಟಿಗಿಟ್ಟು ಊದಿದರೆ ಬುಸ್ಸೆಂದು ಗಾಳಿ ಬಂತು, ಅಷ್ಟೆ.

ಮೇಷ್ಟ್ರು ನಕ್ಕುಬಿಟ್ಟರು. "ತುಟಿ ಸಡ್ಲ ಆಗೈತೆ ಕಣವ್ವ. ಎದೆ ಅಂಗೇ ಐತೆ. ದಿನಾ ಒಸಿ ಒಸಿ ಊದು, ಬತ್ತದೆ."

ಬರುತ್ತದೆಂದು ನನಗೂ ಗೊತ್ತಿತ್ತು. ಬೆಳಿಗ್ಗೆ ರೇಷ್ಮೆಹುಳಕ್ಕೆ ಸೊಪ್ಪು ಕೊಯ್ಯಲು ಹೋದಾಗ ತೋಟದೊಳಗೆ ನಿಂತು ಊದುತ್ತಿದ್ದೆ. ಮೊದಮೊದಲು ಹೊರಟದ್ದು ಎಮ್ಮೆಕರುವಿನ ದನಿ. ಆಮೇಲೆ ಕೆಳಗಿನ ಸ್ವರ ನಿಂತಿತು, ಮಧ್ಯದ್ದು ನಿಂತಿತು. ತುಟಿ ಊದಿಕೊಂಡು ಬಿಸಿ ಸಾರು ಮುಟ್ಟಿದರೆ ಉರಿಯುತ್ತಿತ್ತು. ನಮ್ಮತ್ತೆಗೆ ಸಿಟ್ಟು.

"ಮನೆ ಸೊಸೆ ತೋಟದಲ್ಲಿ ನಿಂತ್ಕಂಡು ಕೊಂಬು ಊದ್ತಾಳೆ ಅಂತ ಊರೆಲ್ಲ ಆಡ್ಕತಾವ್ರೆ ಕಣಮ್ಮಿ."

"ಆಡ್ಕಳ್ಳಿ ಬುಡಿ ಅತ್ತೆ. ನಿಮ್ಮ ಮಗ ಕಂಡೋರ ಮದ್ವೇಲಿ ಬ್ಯಾಂಡಿನ ಮುಂದೆ ಕುಣಿದಾಗ ಯಾರೂ ಏನೂ ಅನ್ನಲಿಲ್ಲವಲ್ಲ. ನಾನು ಕುಣೀತಿಲ್ಲ, ಬರೋ ವಿದ್ಯೆ ಮಾಡ್ತಿದೀನಿ."

ಅಂಗಳದಲ್ಲಿದ್ದ ನನ್ನ ಗಂಡ ಎಮ್ಮೆ ಬಿಚ್ಚಿಕೊಂಡು ಹೊರಗೆ ಹೋದರು. ಅತ್ತೆ ಆಮೇಲೆ ಆ ಮಾತೆತ್ತಲಿಲ್ಲ.

ಊಟದ ಹೊತ್ತಿನಲ್ಲಿ ನಾವು ಬಾಯ್ಲರ್ ಕೋಣೆಯ ಹಿಂದೆ ಸೇರುತ್ತಿದ್ದೆವು. ನಾಲ್ಕು ತಾಲ್ಲೂಕಿನ ಹೆಂಗಸರಿಗೆ ನಾಲ್ಕು ಥರದ ಪಾಠವಾಗಿತ್ತು. ಮಾಗಡಿಯವರದು ಓಡುವ ತಾಳ, ಕನಕಪುರದವರದು ನಿಧಾನ. ಎರಡು ದಿನ ಬರೀ ಜಗಳ. ಕೊನೆಗೆ ಮಾಗಡಿಯವಳೇ, "ನಮ್ಮ ಮಿಷನ್ ಒಂದೇ ಲೆಕ್ಕಕ್ಕೆ ಓಡಲ್ವೇನ್ರೇ? ಅಂಗೇ ಓಡ್ಸಿ," ಎಂದು ಕಡ್ಡಿ ಹಿಡಿದು ತಾಳ ಕೊಟ್ಟಳು. ಎಲ್ಲರೂ ಅವಳ ಕೈ ನೋಡಿಕೊಂಡೇ ಬಾರಿಸಿದೆವು. ಮಗ್ಗುಲಲ್ಲಿ ಕೂತಿದ್ದ ಬಾಯ್ಲರಿನವನು ತಟ್ಟೆ ಕೆಳಗಿಟ್ಟು ಚಪ್ಪಾಳೆ ತಟ್ಟಿದ.

ರಾಜ್ಯೋತ್ಸವದ ಬೆಳಿಗ್ಗೆ ಹಳದಿ ಸೀರೆಗೆ ಕೆಂಪು ರವಿಕೆ ಹಾಕಿ ಗೇಟಿನ ಹತ್ತಿರ ಸಾಲು ನಿಂತೆವು. ದೊಡ್ಡ ಡ್ರಮ್ ಕನಕಪುರದವಳ ಹೊಟ್ಟೆಯ ಮೇಲೆ. ನಾನು ಉಸಿರು ತುಂಬಿಕೊಂಡು ಮೇಲಿನ ಸ್ವರಕ್ಕೇ ಹೋದೆ. ಅದು ನೆಟ್ಟಗೆ ಹೋಗಿ ಶೀಟಿನ ಮಾಡಿಗೆ ಬಡಿದು ಅಂಗಳವೆಲ್ಲ ಹರಡಿತು. ಹಿಂದಿನಿಂದ ಡ್ರಮ್ಮುಗಳು ಒಂದೇ ಏಟಿಗೆ ಬಿದ್ದವು. ಮುಂದೆ ಯಾರಿದ್ದಾರೆ, ಯಾರು ನೋಡುತ್ತಿದ್ದಾರೆ ಎಂಬುದು ನನಗೆ ಬೇಕಿರಲಿಲ್ಲ. ಅಷ್ಟು ಗಟ್ಟಿಯಾಗಿ ನೆಲದ ಮೇಲೆ ಕಾಲಿಟ್ಟದ್ದು ಮದುವೆಯಾದ ಮೇಲೆ ಅದೇ ಮೊದಲು.

ಬಾವುಟದ ಕಂಬ ಮುಟ್ಟುವಷ್ಟರಲ್ಲಿ ಗೇಟಿನ ಆಚೆ ಜನ ಸೇರಿದ್ದರು. ಪಕ್ಕದ ಫ್ಯಾಕ್ಟರಿಯ ಶಿಫ್ಟ್ ಬಿಟ್ಟಿತ್ತು. ಎಣ್ಣೆಕರೆಯ ಅಂಗಿ ತೊಟ್ಟ ನಡುವಯಸ್ಸಿನವರೊಬ್ಬರು ಕಬ್ಬಿಣದ ಗೇಟಿನ ಮೇಲೆ ನಮ್ಮ ತಾಳ ಹಿಡಿದು ಅಂಗೈಯಲ್ಲಿ ಬಾರಿಸುತ್ತಿದ್ದರು. ರಾಮನಗರದ ಹಳೆಯ ಬ್ಯಾಂಡ್‌ಸೆಟ್ಟಿನವರಂತೆ. ವಾಚ್‌ಮನ್ ತಡೆಯಲು ಹೋದವನು ನಿಂತು ಕೇಳತೊಡಗಿದ.

"ಏನವ್ವಾ, ಭಾನುವಾರ ನಮ್ಗೂ ರಜ, ನಿಮ್ ಜೊತೆ ಬಾರಿಸೋಕೆ ಬರಬೋದಾ?" ಎಂದು ಅವರು ಗೇಟಿನ ಸಂದಿಯಿಂದ ಕೂಗಿದರು.

"ಬನ್ನಿ ಅಣ್ಣ, ಡ್ರಮ್ ನೀವೇ ತರಬೇಕು," ಎಂದಳು ಮಾಗಡಿಯವಳು.

ಸಾಹೇಬರಿಗೆ ಖುಷಿಯೋ ಖುಷಿ. ಬೆಂಗಳೂರಿನಿಂದ ಬಂದಿದ್ದ ದೊಡ್ಡವರು ಅವರ ಕೈ ಕುಲುಕಿದ್ದರು. ಸಿಹಿ ಹಂಚುವಾಗ ನಮ್ಮ ಹತ್ತಿರ ಬಂದು, "ಇನ್ನು ಪ್ರತಿ ವರ್ಷ ನಮ್ಮದೇ ಬ್ಯಾಂಡು," ಎಂದರು.

ನಾನು ಲಾಡು ಪಕ್ಕಕ್ಕಿಟ್ಟೆ. "ಮಾಡ್ತೀವಿ ಸಾರ್. ಆದ್ರೆ ಪ್ರಾಕ್ಟೀಸು ಕೆಲಸದ ಹೊತ್ತಲ್ಲೇ ಕೊಡಬೇಕು. ಊಟದ ಹೊತ್ತು ನಮಗೆ ಊಟಕ್ಕೆ ಬೇಕು."

ಅವರು ಸೂಪರ್‌ವೈಸರ್ ಮುಖ ನೋಡಿದರು. ಸೂಪರ್‌ವೈಸರ್ ನಮ್ಮ ಮುಖ ನೋಡಿದ. ಹಿಂದೆ ಡ್ರಮ್ ಹೊತ್ತ ಅಷ್ಟೂ ಜನ ಹಾಗೇ ನಿಂತಿದ್ದರು.

"ಶನಿವಾರ ಅರ್ಧ ಗಂಟೆ," ಎಂದರು ಸಾಹೇಬರು.

ಮುಂದಿನ ಶನಿವಾರದಿಂದ ಶಿಫ್ಟ್ ಬಿಡುವ ಗಂಟೆ ಹೊಡೆಯುವ ಮೊದಲೇ ಪ್ರಾಕ್ಟೀಸಿಗೆಂದು ನಮ್ಮ ಮಿಷನ್ನುಗಳು ನಿಲ್ಲತೊಡಗಿದವು.