ಗಾಳಿಯಲ್ಲಿದ್ದ ಗಂಟೆ

ಹಂಪಿ ಬಜಾರಿನ ಹತ್ತಿರ ಒಂದು ಪ್ರದರ್ಶನದಲ್ಲಿ ಯಂತ್ರವೊಂದನ್ನು ತೋರಿಸುವ ಕೆಲಸ ನನ್ನದಾಗಿತ್ತು. ಪರದೆಯ ಮೇಲೆ ಗುಡಿಯ ಗಂಟೆ ಕಾಣುತ್ತದೆ. ಕೆಳಗಿನ ಪೆಟ್ಟಿಗೆಯ ಮೇಲೆ, ಏನನ್ನೂ ಮುಟ್ಟದೆ, ಅಂಗೈ ಹಿಡಿದರೆ ಸಾಕು. ಕಿವಿಗೆ ಕೇಳಿಸದ ಶಬ್ದದ ಅಲೆಗಳು ಆ ಗಂಟೆಯನ್ನು ಕೈಗೆ ತಾಗಿಸುತ್ತವೆ.

ಯಶವಂತನಗರದ ಗಣಿಯಲ್ಲಿ ಅದಿರು ಆರಿಸುತ್ತಿದ್ದ ಒಬ್ಬ ಅಜ್ಜಿ ಕೈ ಹಿಡಿದರು. "ಏನೂ ಗೊತ್ತಾಗವಲ್ದುರೀ."

"ನಿಮ್ಮ ಕೈ ಭಾಳ ಒರಟು ಅಜ್ಜಿ, ತೊಳಕೊಂಡು ಬರ್ರಿ," ಎಂದೆ, ಸಾಲಿಗೆಲ್ಲ ಕೇಳುವಂತೆ. ಕೆಲವರು ನಕ್ಕರು.

ಅಜ್ಜಿ ನಲ್ಲಿಗೆ ಹೋಗಿ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡರು. ಗುಡಿಯ ಗಂಟೆಯಲ್ಲವೇ ಎಂದು ಚಪ್ಪಲಿಯನ್ನೂ ಬಿಟ್ಟರು. ಮತ್ತೆ ಕೈ ಹಿಡಿದು ನನ್ನ ಮುಖ ನೋಡಿದರು.

"ಈಗ ಗೊತ್ತಾತ್ರಿ. ದುಂಡಗ ಐತಿ," ಎಂದು ಕೈಯನ್ನು ಕಣ್ಣಿಗೊತ್ತಿಕೊಂಡರು.

ಅವರ ಹಿಂದಿದ್ದವನು ತನಗೂ ಏನೂ ತಾಗುತ್ತಿಲ್ಲ ಎಂದ. ಬಗ್ಗಿ ನೋಡಿದೆ. ಅಜ್ಜಿ ಬರುವ ಸ್ವಲ್ಪ ಮುಂಚೆ, ಮೊಬೈಲ್ ಚಾರ್ಜಿಗೆ ಹಾಕಲು ಪೆಟ್ಟಿಗೆಯ ಪ್ಲಗ್ಗನ್ನು ನಾನೇ ಕಿತ್ತಿದ್ದೆ. ಪರದೆಯ ವೈರು ಬೇರೆ, ಹಾಗಾಗಿ ಗಂಟೆಯ ಚಿತ್ರ ಕಾಣುತ್ತಲೇ ಇತ್ತು.

ಪ್ಲಗ್ ಹಾಕಿ, ಚಪ್ಪಲಿ ಮೆಟ್ಟುತ್ತಿದ್ದ ಅಜ್ಜಿಯನ್ನು ಕರೆದೆ. ಈ ಸಲ ಕೈ ಹಿಡಿದವರೇ ಬೆಚ್ಚಿ ಹಿಂದಕ್ಕೆಳೆದುಕೊಂಡರು. ಸಾಲಿನವರೆಲ್ಲ ನನ್ನನ್ನೇ ನೋಡತೊಡಗಿದರು. ತಪ್ಪು ನನ್ನದು ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಅಜ್ಜಿಯೇ ಸಾಲಿನವರ ಕಡೆ ತಿರುಗಿ ಹೇಳಿದರು: "ಆಗಲೂ ಹಿಂಗ ಇತ್ರಿ. ಮಷಿನ್ ಚಲೋ ಐತಿ."

ತೆರೆದ ಬಾಯಿಯನ್ನು ನಾನು ಹಾಗೇ ಮುಚ್ಚಿಕೊಂಡೆ. ಮೊಬೈಲ್ ಮಾತ್ರ ಒಂದಿಷ್ಟು ಚಾರ್ಜಾಗಿತ್ತು.